ಯಾರ ಪೈಕಿ ಎಂದು ಕೇಳಿದ ಬಂಡೆ

ಭೂಮಿ ತಾನೇ ಎರಡು ಕಡೆಗೆ ಜಗ್ಗಿ ಸೀಳುತ್ತಿದ್ದ ಕಾಲ. ನಾನು ಅಲ್ಲೇ ಇದ್ದೆ, ಬೇಕಾದರೆ ಯಾರನ್ನಾದರೂ ಕೇಳಿ. ಆಳದಲ್ಲಿ ಕರಗಿದ ಕಲ್ಲಿನ ಪಾಕ ಕುದಿಯುತ್ತಿತ್ತು. ಆ ಪಾಕದ ಮಕ್ಕಳಾದ ಅಣ್ಣ ತಂಗಿ ಇಬ್ಬರು ಆಕಾಶ ನೋಡಬೇಕೆಂದು ಮೇಲಕ್ಕೆ ಹೊರಟರು. ದಾರಿಯಲ್ಲಿ ನಿಂತರೆ ಆರಿ ಕಲ್ಲಾಗುತ್ತೀರಿ ಎಂದು ತಾಯಿ ಹೇಳಿಯೇ ಕಳಿಸಿದ್ದಳು.

ಅರ್ಧ ದಾರಿಯಲ್ಲಿ ಮುದಿ ಬಂಡೆಯೊಂದು ಅಡ್ಡ ಕೂತಿತ್ತು.

“ಆಚೆ ಸರಿ ಅಜ್ಜಾ, ಇಲ್ಲದಿದ್ದರೆ ಸೀಳಿಬಿಡುತ್ತೇನೆ,” ಎಂದ ಅಣ್ಣ.

“ಸೀಳಪ್ಪಾ, ಹೇಗೂ ಬಿರುಕು ಬಿಟ್ಟಿದ್ದೇನೆ. ಅಂದಹಾಗೆ, ನೀನು ಯಾರ ಪೈಕಿ?”

ಅಣ್ಣ ಬಿರುಕಿನೊಳಗೇ ನಿಂತ. “ಯಾರ ಪೈಕಿಯೇ? ನಮ್ಮ ತಾತ ಉಗುಳಿದ್ದು ಬೆಟ್ಟವಾಯಿತು. ನಮ್ಮ ಮುತ್ತಾತ ಸೀನಿದ್ದಕ್ಕೆ ಸಮುದ್ರ ಎದ್ದು ಆಚೆ ಹೋಗಿ ಕೂತಿತು.”

“ಅಣ್ಣಾ, ಆರುತ್ತಿದ್ದೀಯ, ನಡಿ,” ಎಂದಳು ತಂಗಿ.

“ಇರೇ, ಹಿರಿಯರು ಕೇಳುತ್ತಿದ್ದಾರೆ.”

“ಮುತ್ತಾತನ ಅಪ್ಪ?” ಎಂದಿತು ಬಂಡೆ.

ತಂಗಿ ಪಕ್ಕದ ಬಿರುಕು ಹಿಡಿದು ಅಡ್ಡಡ್ಡ ಹರಿದು, ಭೂಮಿ ಸೀಳಿ ಆದ ಕಣಿವೆಯ ಅಂಚಿನಲ್ಲಿ ಹೊರಬಿದ್ದು ಆಕಾಶ ನೋಡಿದಳು. ಚೆನ್ನಾಗಿದೆ ಎಂದಳು.

ಅಣ್ಣ “ಅವರಂತೂ...” ಎನ್ನುವಷ್ಟರಲ್ಲಿ ಕರಿಕಲ್ಲಾದ. ಬಿರುಕು ಮುಚ್ಚಿತೆಂದು ಬಂಡೆ ನೆಮ್ಮದಿಯಾಗಿ ಮಲಗಿತು.

ನಮ್ಮ ಮನೆಯ ರುಬ್ಬುಗುಂಡು ಆ ಅಣ್ಣನ ತುಂಡೇ. ಉದ್ದು ರುಬ್ಬುವಾಗ ಕಿವಿಗೊಟ್ಟರೆ ಅವನ ಮಿಕ್ಕ ಮಾತು ಗುರುಗುರು ಎಂದು ಕೇಳುತ್ತದೆ. ಬಂದವರಿಗೆಲ್ಲ ನಾನು ಹೇಳುತ್ತೇನೆ. ನನ್ನ ಹೆಂಡತಿ ಪುಟ್ಟಗೌರಿ ಮಾತ್ರ, “ಅಂಥ ಜಂಬದ ಮಾತು ಕೇಳಲು ಕಲ್ಲೇ ಬೇಕೇ? ಮದುವೆಯಾದಾಗಿನಿಂದ ಕೇಳುತ್ತಲೇ ಇದ್ದೇನೆ,” ಎನ್ನುತ್ತಾಳೆ.