ಬಾಯಲ್ಲಿ ನೀರು ಹಿಡಿದ ನೀಲಗಂಗವ್ವ

ಬಹಳ ಹಿಂದೆ, ನಮ್ಮ ಅಜ್ಜಿಯ ಅಜ್ಜಿಗೂ ಹಲ್ಲು ಮೂಡದಿದ್ದ ಕಾಲದಲ್ಲಿ, ಕೆಳಗೇರಿ ಅನ್ನುವ ಒಂದು ಊರಿನ ಹತ್ತಿರ ನೀಲಗಂಗವ್ವ ದಾರಿ ತಪ್ಪಿದ್ದಳಂತೆ.

ಆಕೆ ಮಾತಿನವಳು. ಯಾರೇ ಕರೆದರೂ ಹೋಗಿ ಅವರ ಪರವಾಗಿ ಮಾತಾಡುವುದೇ ಆಕೆಯ ಕಸುಬು. ಅರಸರ ಮುಂದೆ ಮಾತಾಡಿದರೆ ಬಂದ ದಂಡು ಹಿಂದಕ್ಕೆ ಹೋಗುತ್ತಿತ್ತಂತೆ. ಮಠದಲ್ಲಿ ಮಾತಾಡಿದರೆ ಸ್ವಾಮಿಗಳಿಗೇ ದೇವರ ಮೇಲೆ ನಂಬಿಕೆ ಹುಟ್ಟುತ್ತಿತ್ತಂತೆ. ಹೆಣದ ಮುಂದೆ ಮಾತಾಡಿದರೆ ಸತ್ತವನು ಒಳ್ಳೆಯವನಾಗಿಬಿಡುತ್ತಿದ್ದನಂತೆ. ಆಕೆಗೆ ಮಾತ್ರ ಈಚೆಗೆ ತನ್ನ ದನಿ ಕೇಳಿದರೆ ಆಕಳಿಕೆ ಬರುತ್ತಿತ್ತು. ಆದರೂ ಆ ಸೀಮೆಯ ಒಡೆಯ ದೇಸಾಯರು ತಮ್ಮ ವಾಡೆಗೆ ಬರಲು ಹೇಳಿಕಳಿಸಿದ್ದರು, ಹೊರಟಿದ್ದಳು; ಈ ಕಡೆಯ ಹಾದಿ ಮಾತ್ರ ಆಕೆಗೆ ಹೊಸದು.

ಬನ್ನಿಗಿಡದ ಕೆಳಗೆ ಒಬ್ಬ ಮುದುಕ ಉಣ್ಣೆ ನೂಲುತ್ತಿದ್ದ.

"ಯಣ್ಣಾ, ದೇಸಾಯರ ವಾಡೇಕ ಯಾವ ಹಾದಿ?"

"ಎ... ಎ... ಎಡಕ್ಕ..."

"ಎಡಕ್ಕೇನು? ಆತು ಬಿಡು."

ಎಡಕ್ಕೆ ಹೋದರೆ ಹಳ್ಳ, ಹಳ್ಳದಾಚೆ ಬರೀ ಜಾಲಿ. ತಿರುಗಿ ಬಂದಳು.

"ಹಂಗಾದ್ರ ಬಲಕ್ಕೇನು?"

"ಬ... ಬಲಕ್ಕ..."

"ಆತು, ಆತು."

ಬಲಕ್ಕೆ ಹೋದರೆ ಬಂಡೆಗಲ್ಲು, ಮುಂದೆ ದಾರಿಯೇ ಇಲ್ಲ. ಮತ್ತೆ ಬಂದು ಕುಸಿದು ಕೂತಳು.

"ಏನೋ ಯಣ್ಣಾ, ನೀ ಹೇಳಿದಂಗ ಹೋದ್ನಲ್ಲೋ."

"ನಾ... ನಾ ಹೇಳಿ ಮು... ಮುಗಿಸಿರಲಿಲ್ಲವ್ವಾ."

ಮುದುಕ ತಂಬಿಗೆ ಕೊಟ್ಟ. ಬಾಯಿತುಂಬ ನೀರು ತುಂಬಿಕೊಂಡಳು, ಕಡು ಉಪ್ಪು. ನುಂಗಲಾಗಲಿಲ್ಲ; ಕೊಟ್ಟವನ ಮುಂದೆ ಉಗುಳಲಾಗಲಿಲ್ಲ. ಹುಟ್ಟಿದ ಮೇಲೆ ಆಕೆ ಸುಮ್ಮನಿದ್ದದ್ದು ಅದೇ ಮೊದಲು ಅಂತ ಹೇಳುತ್ತಾರೆ. ಆ ಹೊತ್ತಿನಲ್ಲಿ ಮುದುಕ ತಡವರಿಸುತ್ತ ಹೇಳಿ ಮುಗಿಸಿದ: ಎಡಕ್ಕೂ ಬೇಡ, ಬಲಕ್ಕೂ ಬೇಡ, ನೆಟ್ಟಗೆ ಹೋಗು. ಮತ್ತೆ, ನಮ್ಮೂರಿಗೆ ಈ ಉಪ್ಪುನೀರು ಕುಡಿಸಿದವಳು ನೀನೇ.

ಆತ ಹುಲಗಪ್ಪ. ಹನ್ನೆರಡು ವರ್ಷದ ಹಿಂದೆ ಕೆಳಗೇರಿಯ ಸಿಹಿನೀರಿನ ಬಾವಿ ತಮ್ಮದೆಂದು ಮೇಲಗೇರಿಯವರು ತಂಟೆ ತೆಗೆದಾಗ, ಅವರ ಪರವಾಗಿ ಮಾತಾಡಿದವಳು ನೀಲಗಂಗವ್ವ. ಬಾವಿ ತೋಡಿದ ಹುಲಗಪ್ಪ ದೇಸಾಯರ ಮುಂದೆ ನಿಂತು "ಹಾ... ಹಾ..." ಅನ್ನುತ್ತಿದ್ದ. ಆಕೆ ತಟ್ಟನೆ, "ನೋಡ್ರಿ ಧಣಿ, ಹಾಂ ಹಾಂ ಅಂತ ತಾನ ಒಪ್ಪಿಕೊಂಡ" ಅಂದಿದ್ದಳು. ವಾಡೆಯೆಲ್ಲ ನಕ್ಕಿತ್ತು, ದೇಸಾಯರೂ ನಕ್ಕಿದ್ದರು. ನಗುನಗುತ್ತಲೇ ಬಾವಿ ಮೇಲಗೇರಿಗೆ ಹೋಗಿತ್ತು. ಅಂದಿನಿಂದ ಕೆಳಗೇರಿಯವರಿಗೆ ಈ ಸವಳು ನೀರೇ ಗತಿ.

ಹುಲಗಪ್ಪ ಅಂದು ಹೇಳಹೊರಟದ್ದು ಹಾರೆ ಅಂತ.

ನೀಲಗಂಗವ್ವ ಬಾಯಲ್ಲಿದ್ದ ನೀರು ನುಂಗಿದಳು. ತಂಬಿಗೆಯಿಂದ ಇನ್ನೊಮ್ಮೆ ಬಾಯಿ ತುಂಬಿಕೊಂಡಳು. ಹುಲಗಪ್ಪನ ಕೈಹಿಡಿದು ವಾಡೆಗೆ ನಡೆದಳು.

"ಏನವ್ವಾ, ಗಲ್ಲ ಊದ್ಯಾವಲ್ಲ, ಹಲ್ಲುನೋವೇನು?" ಅಂದರು ದೇಸಾಯರು. ಆಕೆ ಬಾಯಿ ತೆರೆಯಲಿಲ್ಲ. ಹುಲಗಪ್ಪನನ್ನು ಮುಂದಕ್ಕೆ ನೂಕಿದಳು. ಅವನ ಮಾತನ್ನು ಯಾರಾದರೂ ಮುಗಿಸಲು ಹೋದರೆ ಕೈಯೆತ್ತಿ ತಡೆದಳು. ಆಕೆ ಈಗ ಮಾತಾಡುತ್ತಾಳೆ, ಇನ್ನೇನು ಮಾತಾಡುತ್ತಾಳೆ ಅಂತ ಎಲ್ಲರೂ ಕಾದರು, ಕಾದದ್ದಕ್ಕೆ ವಾಡೆ ಸುಮ್ಮನಾಯಿತು. ಕಂಬದ ನೆರಳು ಪಕ್ಕದ ಕಂಬ ಮುಟ್ಟುವ ಹೊತ್ತಿಗೆ ಹುಲಗಪ್ಪ ಹೇಳಿ ಮುಗಿಸಿದ್ದ: ತೋಡುವಾಗ ನನ್ನ ಹಾರೆ ಮುರಿದು ಬಾವಿಯ ತಳದ ಬಂಡೆಯಲ್ಲಿ ಸಿಕ್ಕಿದೆ, ಅದರ ಇನ್ನರ್ಧ ನನ್ನ ಮನೆಯಲ್ಲಿದೆ.

ನೀರೆತ್ತಿಸಿ ನೋಡಿದರು. ಹಾರೆಯ ತುದಿ ಅಲ್ಲೇ ಇತ್ತು. ಎರಡು ತುಂಡು ಕೂಡಿಸಿದರೆ ಕೂಡಿದವು.

ಬಾವಿ ಕೆಳಗೇರಿಗೆ ಬಂತು. ಮೊದಲ ಕೊಡ ನೀಲಗಂಗವ್ವನೇ ಸೇದಿ ಹುಲಗಪ್ಪನ ಬೊಗಸೆಗೆ ಎರೆದಳಂತೆ. "ಋಣ ತೀರಿತೇನೋ ಯಣ್ಣಾ?" ಅಂತ ಕೇಳಿ, ಅವನು "ತೀ... ತೀ..." ಅಂದು ಮುಗಿಸುವ ತನಕ ಕಾದು ನಿಂತಿದ್ದಳಂತೆ.

ಈಗಲೂ ಕೆಳಗೇರಿಯಲ್ಲಿ ಪಂಚರು ಕೂತರೆ, ಮಾತು ಬಲ್ಲವನ ಕೈಗೆ ಮೊದಲು ತಂಬಿಗೆ ಕೊಡುತ್ತಾರೆ. ಎದುರಿನವನು ಮುಗಿಸುವ ತನಕ ಅವನು ಬಾಯಲ್ಲಿ ನೀರು ಹಿಡಿದು ಕೂರಬೇಕು. ಸಿಹಿನೀರಲ್ಲ, ಸವಳು ನೀರು. ಅದನ್ನು ನುಂಗುವ ಹೊತ್ತಿಗೆ ಆಡಬೇಕೆಂದಿದ್ದುದರಲ್ಲಿ ಅರ್ಧ ಬೇಡವಾಗಿರುತ್ತದೆ ಅಂತ ಹೇಳುತ್ತಾರೆ.