ಸರದಿಯಿಲ್ಲದ ನೀರು: ಅರಳಿಕಲ್ಲುಪಾಳ್ಯದ ಕೃಪಾಚಿಲುಮೆಯ ಮಹಿಮೆ

ಬಹುಕಾಲದ ಹಿಂದೆ, ಈಗಿನ ದೇವಾಲಯವಾಗಲಿ ಅದರ ಗಂಟೆಯಾಗಲಿ ಇನ್ನೂ ಇಲ್ಲದಿದ್ದ, ಕ್ರೈಸ್ತ ಪ್ರಜೆಗಳು ಹುಲ್ಲು ಹೊದಿಸಿದ ಚಿಕ್ಕ ಗುಡಿಯಲ್ಲಿ ಮೊಣಕಾಲೂರಿ ಜಪಮಾಲೆ ಹೇಳುತ್ತಿದ್ದ, ಕಾವಿ ನಿಲುವಂಗಿಯ ಗುರುಸ್ವಾಮಿಗಳು ವರ್ಷಕ್ಕೊಮ್ಮೆ, ಪಾಸ್ಕ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಕೊನೆಯಲ್ಲಿ ಮಾತ್ರ, ಎತ್ತಿನ ಗಾಡಿಯಲ್ಲಿ ಬಂದು ಹೋಗುತ್ತಿದ್ದ ಆ ದಿನಗಳಲ್ಲಿ, ಅರಳಿಕಲ್ಲುಪಾಳ್ಯದ ಕೆರೆಗೆ ಇನ್ನಾಸಪ್ಪನೆಂಬವನು ನೀರುಗಂಟಿಯಾಗಿದ್ದನು. ನೀರುಗಂಟಿಯೆಂದರೆ ಕೆರೆಯ ತೂಬನ್ನು ಕಾಯುವವನು. ಯಾವ ಗದ್ದೆಗೆ ಯಾವ ಹೊತ್ತಿಗೆ ನೀರು ಎಂಬ ಸರದಿಯನ್ನು ನಡೆಸುವವನು. ಊರಿಗೆ ಅರಸನಿದ್ದರೂ ಪೈರಿಗೆ ಅವನೇ ಅರಸ. ಆ ಅಧಿಕಾರ ಇನ್ನಾಸಪ್ಪನ ತಲೆಗೆ ಸ್ವಲ್ಪ ಏರಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಅವನು ತನ್ನ ಹೆಂಡತಿಯ ತಮ್ಮನಾದ ದಾವೀದಪ್ಪನ ಗದ್ದೆಗೆ ಸರದಿ ಮೀರಿ ಗುಟ್ಟಾಗಿ ನೀರು ಬಿಡುತ್ತಿದ್ದುದನ್ನು ಕಂಡವಳು ಆರೋಗ್ಯಮ್ಮನೆಂಬ ವಿಧವೆ. ಕಂಡದ್ದನ್ನು ಬಾಯಲ್ಲಿಟ್ಟುಕೊಳ್ಳದೆ ಹತ್ತು ಜನರ ಮುಂದೆ ಆಡಿಬಿಟ್ಟಳು. ಆ ಅವಮಾನವನ್ನು ನುಂಗಲಾರದೆ ಇನ್ನಾಸಪ್ಪನು, ಪೈರು ಹೊಡೆ ತುಂಬುವ ಹೊತ್ತಿಗೆ ಸರಿಯಾಗಿ, ಒಂದಾದ ಮೇಲೊಂದರಂತೆ ಅವಳ ಮೂರು ಸರದಿಗಳನ್ನು ಏನಾದರೊಂದು ನೆಪ ಹೇಳಿ ತಪ್ಪಿಸಿದನು. ಅವಳ ಗದ್ದೆ ನಿಂತಲ್ಲೇ ಒಣಗಿತು. ಮನೆಯಲ್ಲಿ ಕಾಳಿಲ್ಲದೆ ಅವಳ ಒಬ್ಬನೇ ಮಗ ಚೌರಿಯು ಕಾಡಿನ ಮರ ಕಡಿಯುವ ಕೆಲಸಕ್ಕೆ ಹೋದವನು ಚಳಿಜ್ವರ ಹಿಡಿದು ಅಲ್ಲಿಯೇ ತೀರಿಕೊಂಡನು. ಸುದ್ದಿ ಮಾತ್ರ ಬಂತು, ದೇಹ ಬರಲಿಲ್ಲ.

ಆ ಸುದ್ದಿ ಬಂದ ದಿನ ಇನ್ನಾಸಪ್ಪನು ಕೆರೆಯ ಏರಿಯ ಮೇಲೆ ಕುಳಿತವನು ಸಂಜೆಯವರೆಗೂ ಏಳಲಿಲ್ಲ. ಯಾರೂ ಅವನನ್ನು ಬೈಯಲಿಲ್ಲ, ಆರೋಗ್ಯಮ್ಮನೂ ಬೈಯಲಿಲ್ಲ. ಅದೇ ಅವನಿಗೆ ಸಹಿಸಲಾಗಲಿಲ್ಲ. ಮರುದಿನ ತೂಬಿನ ಕೆಲಸವನ್ನು ಊರವರಿಗೆ ಒಪ್ಪಿಸಿ, ಅವಳ ಗದ್ದೆಯ ತಲೆಗಿರುವ ಕರಿಬಂಡೆಯ ದಿಣ್ಣೆಯನ್ನೇರಿ ಬಾವಿ ತೋಡತೊಡಗಿದನು. ತಾನು ಕಿತ್ತುಕೊಂಡ ನೀರನ್ನು ತನ್ನ ಕೈಯಿಂದಲೇ ಬಂಡೆಯಿಂದ ತೆಗೆದು ಅವಳ ಗದ್ದೆಗೆ ಹರಿಸುವವರೆಗೆ ಗುಡಿಯ ಹೊಸ್ತಿಲು ದಾಟುವುದಿಲ್ಲ, ಪರಮಪ್ರಸಾದವನ್ನು ನಾಲಿಗೆಗೆ ಮುಟ್ಟಿಸುವುದಿಲ್ಲ ಎಂಬುದು ಅವನ ಸಂಕಲ್ಪ. ಹುಟ್ಟಿದಂದಿನಿಂದ ಸರದಿಯ ಲೆಕ್ಕದಲ್ಲೇ ಬದುಕಿದ ಆ ಮನುಷ್ಯನಿಗೆ, ಪರಲೋಕದಲ್ಲಿಯೂ ಒಂದು ತೂಬು, ಅದರ ಪಕ್ಕದಲ್ಲಿ ಮುಖ ಗಂಟಿಕ್ಕಿಕೊಂಡು ಕುಳಿತ ಒಬ್ಬ ನೀರುಗಂಟಿ ಇರುವುದಾಗಿ ತೋರುತ್ತಿತ್ತು. ಸರದಿ ಕೆಡಿಸಿದವನಿಗೆ ಅಲ್ಲಿ ನೀರೆಲ್ಲಿಯದು?

ಏಳು ವರ್ಷ ತೋಡಿದನು. ಮುಳ್ಳುಸೌದೆಯನ್ನು ಬಂಡೆಯ ಮೇಲೆ ಒಟ್ಟಿ ಬೆಂಕಿ ಹಾಕುವುದು, ಬಂಡೆ ಕೆಂಪಗೆ ಕಾದಾಗ ಕೆರೆಯಿಂದ ಹೊತ್ತು ತಂದ ನೀರನ್ನು ಎರಚುವುದು, ಬಿರುಕು ಬಿಟ್ಟಲ್ಲಿ ಹಾರೆ ಹಾಕಿ ಮೀಟುವುದು, ಚೂರುಗಳನ್ನು ಮಂಕರಿಯಲ್ಲಿ ಹೊತ್ತು ಮೇಲೇರುವುದು, ದಿನವೂ ಇದೇ. ನೀರು ಹುಡುಕಲು ಅವನು ಸುರಿದ ನೀರೇ ಒಂದು ಕಟ್ಟೆ ತುಂಬುವಷ್ಟಾಗಿರಬೇಕು. ಮೊಣಕೈ ಬಾತುಕೊಂಡಿತು, ಬೆನ್ನು ಬಾಗಿತು, ಒಂದು ಕಣ್ಣಿಗೆ ಕಲ್ಲಿನ ಚೂರು ಬಿದ್ದು ಪೊರೆ ಕವಿಯಿತು. ಬಾವಿ ಮೂರಾಳು ಆಳವಾಯಿತು. ತಳದಲ್ಲಿ ಒಂದು ಹನಿ ತೇವವೂ ಕಾಣಲಿಲ್ಲ.

ಪ್ರತಿವರ್ಷ ಗುರುಸ್ವಾಮಿಗಳು ಗುಡಿಯ ಬಾಗಿಲಿಗೆ ಬಂದು, ಹೊರಗೆ ಹುಣಸೆಮರದ ಕೆಳಗೆ ನಿಂತ ಅವನನ್ನು ಕರೆಯುತ್ತಿದ್ದರು.

"ಒಳಗೆ ಬಾರಪ್ಪ ಇನ್ನಾಸಪ್ಪ. ಪಾಪನಿವೇದನೆ ಮಾಡು. ಬಾವಿ ತೋಡು ಅಂತ ನಿನಗೆ ಯಾರು ಹೇಳಿದರು?"

"ಬರ್ತೀನಿ ಸ್ವಾಮಿ. ನೀರು ಬೀಳಲಿ, ಬರ್ತೀನಿ."

ಎಂಟನೆಯ ವರ್ಷದ ಶುಭ ಶುಕ್ರವಾರ, ಬಿಸಿಲು ನೆತ್ತಿಗೇರಿದ ಹೊತ್ತು. ಊರವರೆಲ್ಲ ಶಿಲುಬೆಯ ಹಾದಿಯ ಪ್ರಾರ್ಥನೆಯಲ್ಲಿದ್ದರು. ಇನ್ನಾಸಪ್ಪನು ಬಾವಿಯ ತಳದಲ್ಲಿ ಹಾರೆಯನ್ನು ಎತ್ತಲು ಹೋದನು, ಹಾರೆ ಏಳಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದನು. ಕೈಯಲ್ಲಿದ್ದ ಬಲವೆಲ್ಲ ಮುಗಿದುಹೋಗಿತ್ತು. ಬಂಡೆಗೆ ಒರಗಿ ಕುಳಿತು, ಇನ್ನು ತನ್ನಿಂದ ಆಗದು ಎಂದು ತನಗೆ ತಾನೇ ಹೇಳಿಕೊಂಡನು. ಏಳು ವರ್ಷಗಳಲ್ಲಿ ಮೊದಲ ಬಾರಿಗೆ ಹಾಗೆ ಹೇಳಿಕೊಂಡದ್ದು. ಸಾಯುವುದಕ್ಕೆ ಅವನಿಗೆ ಹೆದರಿಕೆಯಿರಲಿಲ್ಲ. ಕ್ಷಮೆಯಿಲ್ಲದೆ ಸಾಯುವುದಕ್ಕೆ ಇತ್ತು. ಅದೂ ದಣಿವಿನಲ್ಲಿ ಮೆಲ್ಲಗೆ ಮಂಕಾಗುತ್ತಿತ್ತು.

ದೈವಸಂಕಲ್ಪವೋ ಒಲೆಯ ಅಗತ್ಯವೋ, ಆ ಹೊತ್ತಿಗೆ ಆರೋಗ್ಯಮ್ಮನು ಸೌದೆಗಾಗಿ ದಿಣ್ಣೆಗೆ ಬಂದಿದ್ದಳು. ಮಗ ಸತ್ತ ಮೇಲೆ ಅವಳು ಶಿಲುಬೆಯ ಹಾದಿಗೆ ಹೋಗುವುದನ್ನು ಬಿಟ್ಟಿದ್ದಳು. ಹಾರೆಯ ಸದ್ದು ನಿಂತುಹೋದುದನ್ನು ಗಮನಿಸಿ, ಸೌದೆಯ ಹೊರೆಯನ್ನು ಒಂದು ಹಾಸುಬಂಡೆಯ ಮೇಲೆ ಇಳಿಸಿ, ಬಾವಿಯೊಳಕ್ಕೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳು ಹಾಗೆಯೇ ಹಿಂತಿರುಗಿ ಹೋಗಿದ್ದರೆ ತಪ್ಪೆನ್ನುವ ಬಾಯಿ ಆ ಊರಿನಲ್ಲಿ ಇರಲಿಲ್ಲ. ಆದರೆ ಅವಳು ಸೊಂಟಕ್ಕೆ ಕಟ್ಟಿದ್ದ ನೀರಿನ ಸೋರೆಬುರುಡೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದು, ಗೊಣಗುತ್ತಾ, ಮೆಟ್ಟಿಲಿನಂತೆ ಕೊರೆದಿದ್ದ ಗುಳಿಗಳಲ್ಲಿ ಕಾಲಿಟ್ಟು ಇಳಿದಳು.

"ಕುಡಿ."

"ಬೇಡ ಅಕ್ಕಾ. ನಿನ್ನ ಕೈನ ನೀರು ಕುಡಿಯೋ ಮೊಕ ನನಗಿಲ್ಲ. ಇನ್ನೊಂದಾಳು ತೋಡಿದ್ರೆ..."

"ಏಳು ವರ್ಷದಿಂದ ಈ ದಿಣ್ಣೆ ಸೌದೆಯೆಲ್ಲ ಸುಟ್ಟೆ. ನಾನೇನು ನಿನ್ನ ಬಾವಿ ಕೇಳಿದ್ನಾ? ಇದರೊಳಗಿಂದ ನನ್ನ ಚೌರಿ ಎದ್ದು ಬರ್ತಾನಾ?"

ಅವಳು ಅವನೆದುರು ಬಂಡೆಯ ಮೇಲೆ ಕುಸಿದು ಕುಳಿತಳು.

"ನಿನ್ನ ಮೇಲೆ ಹಲ್ಲು ಕಡಿದೂ ಕಡಿದೂ ನನಗೂ ಸಾಕಾಗಿದೆ ಇನ್ನಾಸಪ್ಪ. ಕುಡಿದುಬಿಡು."

ಇಷ್ಟು ಹೇಳಿ ಅವನ ಗದ್ದ ಹಿಡಿದು, ಮಗುವಿಗೆ ಔಷಧ ಕುಡಿಸುವಂತೆ ಬಾಯಿಗೆ ನೀರೆರೆದಳು. ನೀರು ಗಂಟಲಿಗಿಳಿಯುತ್ತಿದ್ದಂತೆ ಇನ್ನಾಸಪ್ಪನಿಗೆ ಅಳು ಉಕ್ಕಿ ಬಂತು, ಅಳುತ್ತಲೇ ಕುಡಿದನು. ಆ ಕ್ಷಣದಲ್ಲಿ, ಆಕಾಶದಿಂದಲ್ಲ, ಅವನ ಕಿವಿಯ ಪಕ್ಕದಿಂದಲೇ ಎಂಬಂತೆ, ದಣಿದ ಮನುಷ್ಯನೊಬ್ಬನ ದನಿಯಲ್ಲಿ ಈ ದಿವ್ಯವಾಣಿಯು ಕೇಳಿಬಂತು:

"ಮಗನೇ, ನಾನು ಕೇಳದ ಬಾವಿಯನ್ನು ನೀನು ತೋಡಿದೆ. ನೀನು ತೋಡದ ನೀರನ್ನು ನಾನು ಕೊಡುತ್ತೇನೆ. ಮೇಲಕ್ಕೆ ಬಾ."

ತನಗೇನೂ ಕೇಳಿಸಲಿಲ್ಲವೆಂದು ಆರೋಗ್ಯಮ್ಮನು ಕಡೆಯವರೆಗೂ ಹೇಳುತ್ತಿದ್ದಳು. ಅವಳು ಕಂಡದ್ದು ಇಷ್ಟು: ಅವನನ್ನು ರಟ್ಟೆ ಹಿಡಿದು ಮೇಲಕ್ಕೆ ತಂದು ನೋಡಿದರೆ, ಬಾವಿಯಿಂದ ಇಪ್ಪತ್ತು ಮಾರು ದೂರದಲ್ಲಿ, ಹಾರೆಯ ಒಂದು ಪೆಟ್ಟೂ ಬೀಳದ ಆ ಹಾಸುಬಂಡೆಯ ಅಡಿಯಿಂದ ತಿಳಿನೀರು ಉಕ್ಕಿ ಹರಿಯುತ್ತಿತ್ತು, ಅವಳ ಸೌದೆಯ ಹೊರೆ ಪೂರ್ತಿ ನೆನೆದುಹೋಗಿತ್ತು. ಅಂದು ಒಲೆ ಉರಿಯಲಿಲ್ಲವೆಂಬ ದೂರನ್ನೂ ಅವಳು ಕಡೆಯವರೆಗೂ ಹೇಳುತ್ತಿದ್ದಳಂತೆ.

ಯೇಸುವಿನ ಪುನರುತ್ಥಾನದ ದಿನವಾದ ಪಾಸ್ಕ ಹಬ್ಬದ ಬೆಳಿಗ್ಗೆ ಇನ್ನಾಸಪ್ಪನು ಹೊಸ್ತಿಲು ದಾಟಿದನು. ಬಾವಿಯಲ್ಲಿ ನೀರು ಬಿತ್ತೇ ಎಂದು ಗುರುಸ್ವಾಮಿಗಳು ಕೇಳಲು, ಇಲ್ಲವೆಂದು ತಲೆಯಾಡಿಸಿ, ಬರಿಗೈಗಳನ್ನು ಜೋಡಿಸಿ ಮೊಣಕಾಲೂರಿದನು. ಅವರು ಮತ್ತೇನನ್ನೂ ಕೇಳದೆ ಪಾಪವಿಮೋಚನೆಯ ಮಂತ್ರವನ್ನು ಉಚ್ಚರಿಸಿ, ಅವನ ನಾಲಿಗೆಯ ಮೇಲೆ ಪ್ರಸಾದವನ್ನಿಟ್ಟರು.

ಕಥೆಯು ಇಲ್ಲಿಗೇ ಮುಗಿದಿದ್ದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಆದರೆ ಚಿಲುಮೆಯ ನೀರು ದಿಣ್ಣೆಯ ಇಳಿಜಾರಿಗೆ ತಕ್ಕಂತೆ ಹರಿದು ಮೊದಲು ನುಗ್ಗಿದ್ದು, ಹಿಂದೆ ಕದ್ದ ನೀರು ಕುಡಿದಿದ್ದ ದಾವೀದಪ್ಪನ ಗದ್ದೆಗೆ. ಆಮೇಲೆ ಆರೋಗ್ಯಮ್ಮನ ಗದ್ದೆಗೆ. ಆರೋಗ್ಯಮ್ಮನು ಕೆಂಡವಾಗಿ ಇನ್ನಾಸಪ್ಪನ ಮನೆ ಬಾಗಿಲಿಗೆ ಬಂದಳು.

"ಇದ್ಯಾವ ನ್ಯಾಯ? ಬಂದು ಸರದಿ ಹಾಕು."

"ಅಕ್ಕಾ, ಆ ನೀರಿಗೆ ನಾನು ನೀರುಗಂಟಿಯಲ್ಲ" ಎಂದನು ಇನ್ನಾಸಪ್ಪ. "ಸರದಿ ಲೆಕ್ಕ ಹಿಡಿದಿದ್ರೆ, ಆ ದಿನ ನಿನ್ನ ಕೈನ ನೀರು ನನ್ನ ಬಾಯಿಗೇ ಬೀಳ್ತಿರಲಿಲ್ಲ."

ಅವಳು ಜಗಲಿಯ ಮೇಲೆ ಕುಳಿತಳು. ಚೌರಿಯ ಹೆಸರು ಹೇಳಿ ಅತ್ತಳು, ಅವನೂ ಅತ್ತನು. ಆಮೇಲೆ ಅವಳೇ ಎದ್ದು ಚಿಲುಮೆಗೆ ಹೋಗಿ, ಅಲ್ಲಿ ಮೊಗೆಯಲು ನಾಚಿ ಬಾಯಾರಿ ನಿಂತಿದ್ದ ದಾವೀದಪ್ಪನಿಗೆ ತನ್ನ ಸೋರೆಬುರುಡೆಯಿಂದ ನೀರೆರೆದಳು. ಅವನ ಮೇಲಿನ ಸಿಟ್ಟು ಹೋಯಿತೇ ಎಂದು ಊರವರು ಕೇಳಿದಾಗ, ಹೋಗಿಲ್ಲ, ಆದರೆ ನೀರು ನನ್ನದಲ್ಲವಲ್ಲ ಎಂದಳು.

ಅಂದಿನಿಂದ ಇಂದಿನವರೆಗೂ ಈ ಕ್ಷೇತ್ರದಲ್ಲಿ ಯಾರೂ ತಮ್ಮ ಕೈಯಿಂದ ತಾವೇ ಮೊಗೆದು ಕುಡಿಯುವುದಿಲ್ಲ. ಪಾಸ್ಕದ ಹಿಂದಿನ ಶನಿವಾರ ನೆರೆಯುವ ಯಾತ್ರಿಕರು ಮೊದಲು ಮೂರಾಳಿನ ಆ ಬಾವಿಗೆ ಬಗ್ಗಿ, ಇನ್ನೂ ಮಾಸದ ಹಾರೆಯ ಗುರುತುಗಳನ್ನು ನೋಡುತ್ತಾರೆ; ಅದರಲ್ಲಿ ಮಳೆಗಾಲದ ನೀರೂ ನಿಲ್ಲುವುದಿಲ್ಲ. ಬಳಿಕ ಇಪ್ಪತ್ತು ಮಾರು ನಡೆದು ಚಿಲುಮೆಗೆ ಬರುತ್ತಾರೆ. ಇಲ್ಲಿ ಹರಕೆಯಿಲ್ಲ, ಕಾಣಿಕೆಯ ಪೆಟ್ಟಿಗೆಯಿಲ್ಲ, ನೀವು ಯಾರು, ಏನು ಮಾಡಿ ಬಂದಿರಿ ಎಂದು ಕೇಳುವವರಿಲ್ಲ. ಕೈಯೊಡ್ಡಿ ನಿಂತರೆ ಪಕ್ಕದಲ್ಲಿ ನಿಂತವರು ಎರೆಯುತ್ತಾರೆ.