ಸಪ್ಪಳವಿಲ್ಲದ ಕೀಬೋರ್ಡ್

ಮಲಪ್ರಭೆಯ ದಂಡೆಯ ಮೇಲೆ ಅಡವಯ್ಯ ಅಜ್ಜನ ಮಠ. ಮಠವೆಂದರೆ ಹೆಂಚಿನ ಎರಡು ಕೋಣೆ, ಮುಂದೊಂದು ಬೇವಿನ ಮರ, ಮರದ ಸುತ್ತ ಕಟ್ಟೆ. ಬಿಸಿಲು ಇಳಿಯುವ ಹೊತ್ತಿಗೆ ಅಜ್ಜ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಕೇಳಲು ಬಂದವರು ಕೆಳಗೆ ಕೂರುತ್ತಿದ್ದರು.

ಆ ಮಾತನ್ನು ಬರೆದುಕೊಳ್ಳುವುದು ಶಿಷ್ಯ ಕಲ್ಲಿನಾಥನ ಕೆಲಸ. ಬರೆದೂ ಬರೆದೂ ಅವನ ಹೆಬ್ಬೆರಳು ಸೆಟೆದುಕೊಂಡಿತ್ತು. ಪೆನ್ನು ಹಿಡಿದರೆ ಮೊಣಕೈವರೆಗೂ ನೋವು ಏರುತ್ತಿತ್ತು.

"ಅಜ್ಜಾರ, ನಿಮ್ಮ ಧ್ವನೀನ ಫೋನಿನ್ಯಾಗ ಹಿಡಿದಿಡಲೇನ್ರಿ?" ಎಂದು ಕೇಳಿದ.

"ಬ್ಯಾಡ. ಅದು ಕೇಳತೈತಿ ಅಂತ ನೀವೆಲ್ಲಾ ಕೇಳೂದು ಬಿಡತೀರಿ."

"ಹಂಗಾರ ಟೈಪ್ ಮಾಡಿಕೋತೀನ್ರಿ."

"ಮಾಡಿಕೋ," ಎಂದರು ಅಜ್ಜ.

ಹುಡುಕಾಟ ಶುರುವಾದದ್ದು ಹೀಗೆ.

ಮೊದಲು ಭಕ್ತರೊಬ್ಬರ ಹಳೆಯ ಲ್ಯಾಪ್‌ಟಾಪ್ ತಂದ. ತೊಡೆ ಸುಡುತ್ತಿತ್ತು. ಒಳಗಿನ ಫ್ಯಾನು ಗೊರಕೆ ಹೊಡೆಯುತ್ತಿತ್ತು. ಅದು ಸುಮ್ಮನಾಗಲಿ ಎಂದು ಅಜ್ಜ ಮಾತು ನಿಲ್ಲಿಸಿ ಕಾದರು. ಅದು ಸುಮ್ಮನಾಗಲಿಲ್ಲ. ಅಂದಿನ ಮಾತು ಅಲ್ಲಿಗೇ ಮುಗಿಯಿತು.

ಆಮೇಲೆ ಟ್ಯಾಬ್ಲೆಟ್ ಬಂತು. ಹಗುರವೇನೋ ಹೌದು. ಆದರೆ ಬಯಲ ಬೆಳಕಿಗೆ ಪರದೆಯ ಮೇಲೆ ಅಕ್ಷರ ಕಾಣುತ್ತಿರಲಿಲ್ಲ, ಕಲ್ಲಿನಾಥನ ಮುಖವೇ ಕಾಣುತ್ತಿತ್ತು. ಗಾಜಿನ ಮೇಲೆ ಬೆರಳು ಜಾರಿ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಬೀಳುತ್ತಿದ್ದವು.

ಅದಕ್ಕೆ ಜೋಡಿಸಲೆಂದು ಹುಬ್ಬಳ್ಳಿಗೆ ಹೋಗಿ ಮಡಚುವ ಕೀಬೋರ್ಡ್ ತಂದ. ಮಡಿಕೆ ಬರುವ ಕಡೆ ಕೀಲಿಗಳು ದೂರ ಸರಿದಿದ್ದವು. ಬೆರಳು ಹೋಗಿ ಆ ಸಂದಿಗೇ ಬೀಳುತ್ತಿತ್ತು. ಮತ್ತೆ ಹುಬ್ಬಳ್ಳಿ. ಈ ಸಲದ್ದು ಗಟ್ಟಿಮುಟ್ಟಾಗಿತ್ತು, ಆದರೆ ಒತ್ತಿದರೆ ಕಟಕಟ. ಕೂತವರು ಅಜ್ಜನನ್ನು ಬಿಟ್ಟು ಇವನ ಕಡೆ ತಿರುಗಿ ನೋಡತೊಡಗಿದರು.

ಬಸ್ಸಿನಲ್ಲಿ ಓಡಾಡಿ ಕಲ್ಲಿನಾಥ ಹಣ್ಣಾಗಿದ್ದ. ಕಣ್ಣು ಮುಚ್ಚಿದರೆ ಅಂಗಡಿಯ ದೀಪಗಳು ಕಾಣುತ್ತಿದ್ದವು. ಅವನು ಹುಬ್ಬಳ್ಳಿಯಲ್ಲಿದ್ದ ದಿನ ಅಜ್ಜ ಏನು ಹೇಳಿದರೋ ಯಾರೂ ಬರೆದಿಡುತ್ತಿರಲಿಲ್ಲ.

ಒಂದು ಸಂಜೆ ಅಜ್ಜ ಅವನನ್ನು ಕರೆದರು.

"ಇವತ್ತ ನಾ ಏನ ಹೇಳಿದೆ? ಓದು."

ಪರದೆಯ ಮೇಲೆ ಇದ್ದದ್ದು ಮುರಿದ ಪದಗಳು.

"ಬೆರಳು ತಪ್ಪಿದ್ವು ಅಜ್ಜಾರ. ಇದು ಸರಿ ಇಲ್ಲ. ನಾಳೆ ಬ್ಯಾರೆ ತರತೀನಿ."

"ನಾಳೆ ನನ್ನ ಮಾತೂ ಬ್ಯಾರೆ ಇರತೈತಿ."

"ಏನ ಮಾಡಲ್ರಿ ಮತ್ತ? ನಿಮ್ಮ ಮಾತನ್ನ ಹೆಂಗೆಂಗೋ ಬರಕೊಳ್ಳಾಕ ಆಗೂದಿಲ್ಲ. ಒಂದಕ್ಷರ ತಪ್ಪಬಾರದು."

"ನಾನೇ ಹೆಂಗೆಂಗೋ ಹೇಳಾಕತ್ತೀನಲ್ಲೋ," ಎಂದು ಅಜ್ಜ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ಬೇಗ ನಿಲ್ಲಲಿಲ್ಲ. ಮಠದಲ್ಲಿ ಅಡುಗೆ ಮಾಡುವ ಗುರುಸಿದ್ದವ್ವ ಬಿಸಿನೀರು ತಂದುಕೊಟ್ಟಳು. ಕಲ್ಲಿನಾಥ ಕೀಲಿಗಳ ನಡುವಿನ ಧೂಳು ಒರೆಸುತ್ತಿದ್ದ.

ಉಸಿರು ತಿರುಗಿದ ಮೇಲೆ ಅಜ್ಜ ಕೇಳಿದರು. "ಎಂಥಾದ್ದು ಸಿಕ್ಕರ ಹುಡುಕೂದು ಬಿಡತಿ?"

"ಭಾರ ಇರಬಾರದ್ರಿ. ಸಪ್ಪಳ ಮಾಡಬಾರದು. ಬಿಸಿಲಾಗ ಇಟ್ಟರೂ ಕಾಣಬೇಕು. ನೀವು ಅಂದದ್ದನ್ನ ಅಂದಂಗ ಮೂಡಿಸಬೇಕು."

"ಅಂಥಾ ಶಿಷ್ಯನ್ನ ನಾನೂ ಭಾಳ ವರ್ಷ ಹುಡುಕೀನಿ," ಎಂದರು ಅಜ್ಜ. "ಕಡೀಗೆ ನೀ ಸಿಕ್ಕಿ."

ಕಲ್ಲಿನಾಥ ತಲೆ ತಗ್ಗಿಸಿದ. ಆದರೂ ಮರುವಾರ ಮತ್ತೆ ಬಸ್ಸು ಹತ್ತಿದ. ಹುಬ್ಬಳ್ಳಿಯಲ್ಲಿ ಸಿಗಲಿಲ್ಲ. ಅಲ್ಲಿಂದ ಬೆಳಗಾವಿಗೆ ಹೋದ.

ಅಲ್ಲಿ ಸಿಕ್ಕಿತು. ಅಂಗೈಯಗಲದ ಟ್ಯಾಬ್ಲೆಟ್, ಪರದೆ ಕಾಗದದಂತೆ ಮಂಕು, ಬಿಸಿಲಿಗೆ ಹೊಳೆಯದು. ಜೊತೆಗೆ ತೆಳ್ಳನೆಯ ಕೀಬೋರ್ಡ್. ಕೀಲಿಗಳ ಮೇಲೆ ಕನ್ನಡದ ಅಕ್ಷರ. ಎಷ್ಟು ಒತ್ತಿದರೂ ಸಪ್ಪಳವಿಲ್ಲ.

ಹಿಂತಿರುಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಟೈಪ್ ಮಾಡಿ ನೋಡಿದ. ಒಂದು ಒತ್ತಕ್ಷರವೂ ತಪ್ಪಲಿಲ್ಲ. ಖುಷಿಯಾಗಬೇಕಿತ್ತು. ಆಗಲಿಲ್ಲ. ಇಷ್ಟು ದಿನ ಪ್ರತಿಯೊಂದರಲ್ಲೂ ಒಂದು ಕುಂದು ಸಿಕ್ಕಾಗ ಒಳಗೊಳಗೇ ಹಾಯೆನಿಸಿತ್ತು ಎಂಬುದು ಈಗ ಅವನಿಗೆ ಹೊಳೆಯಿತು. ಇನ್ನು ಬರೆಯಲೇಬೇಕು. ಬರೆಯುವುದು ಒಂದು ದಿನ ಮುಗಿಯಲೂಬೇಕು.

ಮಠಕ್ಕೆ ಬಂದಾಗ ಗುರುಸಿದ್ದವ್ವ ಬಾಗಿಲಲ್ಲೇ ನಿಂತಿದ್ದಳು.

"ಧಾರವಾಡದ ಡಾಕ್ಟರಿಗೆ ತೋರಿಸಿಕೊಂಡ ಬಂದ್ವಿ. ಅಜ್ಜಾರ ಗಂಟಲಾಗ ಗಂಟು ಐತಂತ. ಇನ್ನ ಮಾತು ಬರೂದಿಲ್ಲಂತ."

"ಯಾವಾಗಿಂದ ಹಿಂಗಾಗಿತ್ತು?"

"ನೀ ದಿನಾ ಮುಂದೇ ಕೂತಿರತಿದ್ದೆಲ್ಲಪಾ. ಕೆಮ್ಮತಿದ್ದದ್ದು ಕೇಳಲಿಲ್ಲೇನು?"

ಕಲ್ಲಿನಾಥ ಒಳಗೆ ಹೋಗಿ ಅಜ್ಜನ ಮಂಚದ ಪಕ್ಕ ಕುಸಿದು ಕೂತ. ಅಳುವುದಕ್ಕೂ ತ್ರಾಣ ಉಳಿದಿರಲಿಲ್ಲ.

"ಸಿಕ್ಕತು ಅಜ್ಜಾರ," ಎಂದ. "ಈಗ ಸಿಕ್ಕತು."

ಅಜ್ಜ ಕೈಚಾಚಿದರು. ಅವನು ಕೊಟ್ಟ. ಅಜ್ಜ ತೋರುಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಪರದೆಯ ಮೇಲೆ ಮೂಡಿತು: "ಚಲೋ ಐತಿ."

"ಚಲೋ ಇದ್ದು ಏನ ಮಾಡೂದ್ರಿ? ಇನ್ನ ಬರಕೊಳ್ಳಾಕ ಏನ ಉಳೀತು?"

ಹೊರಗೆ ಜನ ಸೇರುತ್ತಿದ್ದರು. ಅವರಿಗೆ ಸುದ್ದಿ ಗೊತ್ತಿರಲಿಲ್ಲ. ಅಜ್ಜ ಟ್ಯಾಬ್ಲೆಟ್ಟನ್ನೂ ಕೀಬೋರ್ಡನ್ನೂ ಬಗಲಲ್ಲಿಟ್ಟುಕೊಂಡು, ಗೋಡೆ ಹಿಡಿದು ಎದ್ದರು. ನಿಧಾನವಾಗಿ ಬೇವಿನ ಮರದ ಕಡೆ ನಡೆದರು.

ಕಟ್ಟೆ ಹತ್ತಿಸಲೆಂದು ಕಲ್ಲಿನಾಥ ತೋಳು ಕೊಟ್ಟ. ಅಜ್ಜ ಹತ್ತಲಿಲ್ಲ. ಜನರ ನಡುವೆ ಜಾಗ ಮಾಡಿಕೊಂಡು ನೆಲದ ಮೇಲೆ ಕೂತರು. ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಶಿಷ್ಯನಿಗೆ ಕೈಯಿಂದ ಕಟ್ಟೆ ತೋರಿಸಿದರು.

"ನಾನೇನ್ರಿ?" ಎಂದ ಕಲ್ಲಿನಾಥ. "ನನ್ನ ಕಡೆ ಏನೈತ್ರಿ ಅಜ್ಜಾರ? ಎಲ್ಲಾ ಅರ್ಧಂಬರ್ಧ ಕೇಳೀನಿ."

ಅಜ್ಜ ತಲೆ ಬಗ್ಗಿಸಿ ಬಹಳ ಹೊತ್ತು ಅಕ್ಷರ ಹುಡುಕಿದರು. ಕೊನೆಗೆ ಪರದೆಯನ್ನು ಅವನ ಕಡೆ ತಿರುಗಿಸಿದರು.

"ಅಷ್ಟೇ ಹೇಳು. ನಾ ಬರಕೋತೀನಿ."